ಟೈರು ಕೊಂಡ ಪ್ರಸಂಗ

ಸೈಕಲ್ಲಿನ ಟೈರಿನ ಮೇಲೂ ಒಂದು ಲೇಖನವೇ ಎಂದು ಮೂಗು ಮುರಿಯುವ ಓದುಗರು ಇದ್ದಾರು. ಅವರಲ್ಲಿ ನಮ್ಮ ಅರಿಕೆ ಇಷ್ಟೆ. ಮನೆಗೊಂದು ಕುಕ್ಕರು ತರಬೇಕಾದರೆ ನಾವು ನಾಲ್ಕು ಅಂಗಡಿ ಅಲೆಯುತ್ತೇವೆ. ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲೇ ಹತ್ತು ಹೆಜ್ಜೆ ನಡೆದು ನೋಡುತ್ತೇವೆ. ಆದರೆ ಮಕ್ಕಳು ದಿನವೂ ಹತ್ತಿಕೊಂಡು ಹೋಗುವ ಸೈಕಲ್ಲಿಗೆ ಟೈರು ಹಾಕಿಸುವಾಗ ಮಾತ್ರ, "ಭೈಯ್ಯಾ, ಯಾವುದಾದರೊಂದು ಹಾಕಿಬಿಡು" ಎಂದು ಹೇಳಿ ಪಕ್ಕದಲ್ಲಿ ಚಹಾ ಕುಡಿಯಲು ಹೋಗುತ್ತೇವೆ. ಸವಾರನಿಗೂ ರಸ್ತೆಗೂ ನಡುವೆ ಇರುವುದು ಆ ರಬ್ಬರು ಒಂದೇ. ಅದು ನೆಲಕ್ಕೆ ತಾಗುವ ಜಾಗವನ್ನು ಲೆಕ್ಕ ಹಾಕಿದರೆ ಎರಡು ಗಾಲಿಗೂ ಸೇರಿ ಅಂಗೈಯ ಅರ್ಧದಷ್ಟೂ ಆಗುವುದಿಲ್ಲ.

ನಾವು ಧಾರವಾಡದ ಕಡೆಯವರು. ಅಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರಕಾರದ ಕಾರಕೂನಿಕೆ ಹಿಡಿದು ಠಾಣೆಗೆ ಬಂದವರು. ವರ್ತಕ ನಗರದಲ್ಲಿ ನಮ್ಮ ಬಿಡಾರ. ಭೌತಶಾಸ್ತ್ರ ಕಲಿತದ್ದು ಕಡತಗಳ ನಡುವೆ ಎಲ್ಲಿ ಉಪಯೋಗವಾದೀತು ಎಂದು ನಮ್ಮ ಶ್ರೀಮತಿಯವರು ಆಗಾಗ ಕೇಳುವುದುಂಟು. ಈ ವರ್ಷ ಅದಕ್ಕೆ ಉತ್ತರ ಸಿಕ್ಕಿತು.

ನಮ್ಮ ಮಗ ಹನ್ನೊಂದನೆಯ ತರಗತಿ. ಬೆಳಿಗ್ಗೆ ಏಳಕ್ಕೆ ನೌಪಾಡಾದಲ್ಲಿ ಕ್ಲಾಸು. ಶೇರ್ ರಿಕ್ಷಾದ ಸಾಲಿನಲ್ಲಿ ನಿಂತರೆ ಆರೂಮುಕ್ಕಾಲು ಅಲ್ಲೇ ಆಗುತ್ತದೆ. ಪುಣೆಯಲ್ಲಿರುವ ನಮ್ಮ ಭಾವಮೈದುನ ತಾನು ಬಳಸಿದ ರೋಡ್ ಬೈಕು ಒಂದನ್ನು ಸೋದರಳಿಯನಿಗೆ ಕೊಟ್ಟಾಗ ಎಲ್ಲರಿಗೂ ಸಂತೋಷವೇ ಆಯಿತು. ಬಾಗಿದ ಹ್ಯಾಂಡಲ್ಲು, ಸಪೂರ ಚೌಕಟ್ಟು, ಬೆರಳಿನಷ್ಟು ತೆಳ್ಳಗಿನ ಟೈರು. ಟೈರಿನ ಪಕ್ಕದಲ್ಲಿ 23-622 ಎಂದು ಬರೆದಿತ್ತು. ಅಂದರೆ ಅಗಲ 23 ಮಿಲಿಮೀಟರು. ಧಾರವಾಡದಲ್ಲಿ ನಮ್ಮ ತಂದೆಯವರು ಜೋಳದ ಚೀಲ ಹಿಂದೆ, ನಮ್ಮನ್ನು ಮುಂದೆ ಕೂಡಿಸಿಕೊಂಡು ಹೊಡೆಯುತ್ತಿದ್ದ ಸೈಕಲ್ಲಿನ ಟೈರು 40 ಮಿಲಿಮೀಟರಿನದು.

ವರ್ತಕ ನಗರದಿಂದ ನೌಪಾಡಾಕ್ಕೆ ಹೋಗುವ ದಾರಿ ನಮ್ಮ ಕಡೆಯ ಓದುಗರಿಗೆ ಗೊತ್ತೇ ಇದೆ. ಪೋಖರಣ ರಸ್ತೆಯಲ್ಲಿ ಇಳಿದು, ಕ್ಯಾಡ್ಬರಿ ಜಂಕ್ಷನ್ನಿನಲ್ಲಿ ಹೆದ್ದಾರಿ ದಾಟಿ, ಖೋಪಟದ ಮೂಲಕ ಸಾಗಬೇಕು. ಸಿಮೆಂಟಿನ ರಸ್ತೆಯೇನೋ ಗಟ್ಟಿ. ಆದರೆ ಕಾಂಕ್ರೀಟಿನ ಹಾಸು ಮುಗಿದು ಪೇವರ್ ಬ್ಲಾಕು ಸುರುವಾಗುವ ಅಂಚಿನಲ್ಲಿ ಉದ್ದಕ್ಕೆ ಒಂದು ಸಂದು ಉಳಿದಿರುತ್ತದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಹಿಂದಿನ ಬಸ್ಸಿಗೆ ದಾರಿ ಬಿಡಲೆಂದು ಹುಡುಗ ಬದಿಗೆ ಸರಿದ. ಮುಂದಿನ ಗಾಲಿ ಆ ಸಂದಿನಲ್ಲಿ ಸಿಕ್ಕಿಕೊಂಡು ಆತ ಬಿದ್ದ. ಮೊಣಕೈ, ಮೊಣಕಾಲು ತರಚಿದ್ದಲ್ಲದೆ ಹೆಚ್ಚೇನೂ ಆಗಲಿಲ್ಲ. ಬಸ್ಸಿನ ಚಾಲಕ ಬ್ರೇಕು ಹಾಕಿ ನಿಲ್ಲಿಸಿದ. ಆ ಪುಣ್ಯಾತ್ಮನಿಗೆ ನಮ್ಮ ನಮಸ್ಕಾರ.

"ಸೈಕಲ್ ಬ್ಯಾಡ, ಏನೂ ಬ್ಯಾಡ. ಮಾರಿಬಿಡ್ರಿ ಅದನ್ನ" ಎಂದರು ಶ್ರೀಮತಿಯವರು. ಮಗ ಊಟ ಬಿಟ್ಟು ಕೂತ. ಅವನಿಗೆ ಸೈಕಲ್ಲು ಬರಿ ವಾಹನವಾಗಿರಲಿಲ್ಲ. ಈ ಗದ್ದಲದ ಊರಿನಲ್ಲಿ ಯಾರನ್ನೂ ಕಾಯದೆ, ಯಾರಿಗೂ ಚಿಲ್ಲರೆ ಎಣಿಸದೆ ತಾನೇ ಹೋಗಿ ತಾನೇ ಬರುವ ಮೊದಲ ಸಂಗತಿ ಅದು. ಒಂದು ಕಡೆ ತಾಯಿಯ ಅಂಜಿಕೆ, ಇನ್ನೊಂದು ಕಡೆ ಹದಿನಾರರ ಹುಡುಗನ ಸ್ವಾತಂತ್ರ್ಯ. ಎರಡೂ ನಿಜವೇ. ಎಂಟು ದಿನ ಸಮಯ ಕೊಡಿರೆಂದು ಕೇಳಿಕೊಂಡು ನಾವು ಗಾಲಿಯ ಅಭ್ಯಾಸಕ್ಕೆ ಕೂತೆವು.

ಮೊದಲು ಲೆಕ್ಕ. ಹುಡುಗ 56 ಕಿಲೋ, ಸೈಕಲ್ಲು 11, ಪುಸ್ತಕದ ಚೀಲ 5, ಒಟ್ಟು 72 ಕಿಲೋ. ತೆಳು ಟೈರಿಗೆ ನೂರು ಪೌಂಡು ಗಾಳಿ ಹೊಡೆಯುತ್ತಿದ್ದರು. ಅದು ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಎರಡು ಗಾಲಿಗೂ ಸೇರಿ ಹತ್ತು ಚದರ ಸೆಂಟಿಮೀಟರು! ಅಷ್ಟು ಬಿಗಿಯಾದ ಟೈರು ಸಣ್ಣ ಹರಳಿನ ಮೇಲೂ ಬಗ್ಗುವುದಿಲ್ಲ, ನೆಗೆಯುತ್ತದೆ. ನೆಗೆದದ್ದರ ಪೆಟ್ಟು ಬೆನ್ನಿಗೆ, ಅಂಗೈಗೆ. ಗಾಳಿ ಕಡಿಮೆ ಮಾಡೋಣವೆಂದರೆ ತೆಳು ಟೈರಿನಲ್ಲಿ ಆಳವಿಲ್ಲ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಅಗಲ ಟೈರಿನಲ್ಲಿ ಗಾಳಿಯ ಜಾಗ ಹೆಚ್ಚು. ಆದ್ದರಿಂದ ಕಡಿಮೆ ಒತ್ತಡದಲ್ಲೂ ಅದು ಭಾರ ಹೊರುತ್ತದೆ, ರಸ್ತೆಯ ಉಬ್ಬುತಗ್ಗನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಸಂದಿನಲ್ಲಿ ಸುಲಭಕ್ಕೆ ಇಳಿಯುವುದೂ ಇಲ್ಲ.

"ಅಪ್ಪಾ, ರೇಸಿನವ್ರೆಲ್ಲಾ ಬಾರೀಕ್ ಟೈರೇ ಹಾಕ್ತಾರ. ದಪ್ಪ ಟೈರು ಓಡಂಗಿಲ್ಲ" ಎಂದು ಮಗನ ಆಕ್ಷೇಪ. ಅವನಿಗೆ ಡನ್‌ಲಪ್ ಎಂಬ ಸ್ಕಾಟ್ಲೆಂಡಿನ ಪಶುವೈದ್ಯನ ಕಥೆ ಹೇಳಿದೆವು. ಗಾಳಿ ತುಂಬಿದ ಟೈರಿಗೆ 1845ರಲ್ಲೇ ಥಾಮ್ಸನ್ ಎಂಬಾತ ಪೇಟೆಂಟ್ ಪಡೆದಿದ್ದನಾದರೂ ಅದು ಬಳಕೆಗೆ ಬಾರದೆ ಮರೆತುಹೋಗಿತ್ತು. ಬೆಲ್‌ಫಾಸ್ಟಿನಲ್ಲಿದ್ದ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುತ್ತದೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಆ ಉಬ್ಬಿದ ಟೈರನ್ನು ಕಂಡು ಜನ ನಕ್ಕರು. ಮರುವರ್ಷ ಅದೇ ಊರಿನ ಪಂದ್ಯದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಅದನ್ನೇ ಹಾಕಿಕೊಂಡು ಗೆದ್ದ. ಸುಖಕ್ಕೆಂದು ಹುಟ್ಟಿದ್ದು ವೇಗದಲ್ಲೂ ಮುಂದಾಯಿತು.

ಅದಕ್ಕೆ ಕಾರಣವೂ ಇದೆ. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಬಗ್ಗಿ ಮತ್ತೆ ನೆಟ್ಟಗಾಗಬೇಕು. ಹಾಗೆ ಬಗ್ಗುವುದರಲ್ಲಿ ನಮ್ಮ ತುಳಿತದ ಶಕ್ತಿ ಸ್ವಲ್ಪ ಕರಗಿಹೋಗುತ್ತದೆ. ಒಂದೇ ಒತ್ತಡದಲ್ಲಿ ತೆಳು ಟೈರಿನ ತಾಗುವ ಜಾಗ ಉದ್ದುದ್ದ, ಅಗಲ ಟೈರಿನದು ಗಿಡ್ಡ. ಗಿಡ್ಡದ್ದು ಕಡಿಮೆ ಬಗ್ಗುತ್ತದೆ. ಒರಟು ರಸ್ತೆಯಲ್ಲಂತೂ ಬಿಗಿ ಟೈರು ಸವಾರನನ್ನೇ ಕುಲುಕಿ ಶಕ್ತಿ ಕಳೆಯುತ್ತದೆ. ಇದನ್ನು ಅರಿತೇ ರೇಸಿನವರೂ 23 ಬಿಟ್ಟು 25ಕ್ಕೆ, ಈಗ 28, 30ಕ್ಕೆ ಬಂದಿದ್ದಾರೆ. ಈ ಮಾತಿಗೆ ಮಗ ಸೋತ. ಉಳಿದದ್ದು ಭಾರದ ವಾದ. ಗಟ್ಟಿ ಟೈರು ಒಂದಕ್ಕೆ ನೂರು ನೂರೈವತ್ತು ಗ್ರಾಂ ಹೆಚ್ಚು ತೂಗುತ್ತದೆಂದ. ಅದಕ್ಕೆ ಅವನ ತಾಯಿ, "ಹಂಗಾರ ಡಬ್ಬಿಯಾಗ ಎರಡು ಚಪಾತಿ ಕಡಿಮಿ ಇಡ್ಲೇನು?" ಎಂದರು. ವಾದ ಅಲ್ಲಿಗೆ ಮುಗಿಯಿತು. ಅವರು ನಕ್ಕದ್ದು ನಮಗೆ ಶುಭಶಕುನವೆನಿಸಿತು.

ಇನ್ನು ಅಳತೆ. ಇದರಲ್ಲಿ ಮೋಸಹೋಗುವವರು ಬಹಳ. ನಮ್ಮ ಹಳೆಯ ಊರ ಸೈಕಲ್ಲಿನ ಗಾಲಿಗೂ ರೋಡ್ ಬೈಕಿನ ಗಾಲಿಗೂ ಬಾಯಿಮಾತಿನಲ್ಲಿ 28 ಇಂಚು ಎನ್ನುತ್ತಾರೆ. ಆದರೆ ಒಂದರ ರಿಮ್ಮು 635 ಮಿಲಿಮೀಟರು, ಇನ್ನೊಂದರದು 622. ಒಂದರ ಟೈರು ಇನ್ನೊಂದಕ್ಕೆ ಕೂಡದು. 26 ಇಂಚಿನಲ್ಲಿಯೂ 590, 559 ಎಂಬ ಭೇದಗಳಿವೆ. ಇಂಚಿನ ಮಾತು ಬಿಟ್ಟು ಟೈರಿನ ಪಕ್ಕದಲ್ಲಿ ಅಡ್ಡಗೆರೆ ಹಾಕಿ ಬರೆದಿರುವ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದೇ ಲೇಸು. ಎರಡನೆಯ ಅಂಕಿ ಸರಿಯಾಗಿ ಹೊಂದಲೇಬೇಕು. ಮೊದಲನೆಯದನ್ನು, ಅಂದರೆ ಅಗಲವನ್ನು, ಬ್ರೇಕು ಮತ್ತು ಚೌಕಟ್ಟು ಬಿಟ್ಟಷ್ಟು ಹೆಚ್ಚಿಸಬಹುದು. ನಮಗೆ 32 ಹಾಕುವ ಆಸೆಯಿತ್ತು. ಅಳೆದು ನೋಡಿದರೆ ಬ್ರೇಕಿನ ಕಮಾನಿನಡಿ ಜಾಗವಿಲ್ಲ. ಗಾಲಿ ಸ್ವಲ್ಪ ಓರೆಯಾದರೂ, ಕೆಸರು ಮೆತ್ತಿದರೂ ಉಜ್ಜದಂತೆ ಸುತ್ತ ನಾಲ್ಕೈದು ಮಿಲಿಮೀಟರು ಸಂದು ಉಳಿಯಬೇಕು. ಹೀಗೆ 28ಕ್ಕೆ ನಿಂತೆವು.

ಮೂರನೆಯದು ಬಾಳಿಕೆ. ಊರಲ್ಲಿ ಟೈರಿನ ವೈರಿ ಬಳ್ಳಾರಿ ಜಾಲಿಯ ಮುಳ್ಳು. ಇಲ್ಲಿ ಬಾಟಲಿಯ ಗಾಜು, ಮೊಳೆ, ಮತ್ತು ಲಾರಿಗಳ ಸವೆದ ಟೈರಿನಿಂದ ಉದುರುವ ಕೂದಲಿನಂಥ ಉಕ್ಕಿನ ತಂತಿ. ಇವನ್ನು ತಡೆಯಲು ಕೆಲವು ಟೈರುಗಳಲ್ಲಿ ಮೇಲಿನ ರಬ್ಬರಿನಡಿ ಗಟ್ಟಿ ನೂಲಿನದೋ ದಪ್ಪ ರಬ್ಬರಿನದೋ ಪಟ್ಟಿ ಇರುತ್ತದೆ. ಜರ್ಮನಿಯ ಶ್ವಾಲ್ಬೆಯವರ ಮ್ಯಾರಥಾನ್ ಇಂಥದಕ್ಕೆ ಹೆಸರಾದದ್ದು. ಅದು ಕಾರಕೂನನ ಜೇಬಿಗೆ ಸ್ವಲ್ಪ ಎತ್ತರ. ಸೈಕಲ್ಲಿಗೆಂದು ಕೇಂದ್ರ ಸರಕಾರದ ನೌಕರರಿಗೆ ಬಡ್ಡಿಯಿಲ್ಲದ ಮುಂಗಡ ಸಿಗುವ ಕಾಲವೊಂದಿತ್ತು. ಏಳನೆಯ ವೇತನ ಆಯೋಗದ ತರುವಾಯ 2016ರಲ್ಲಿ ಅದೂ ರದ್ದಾಯಿತು. ಆದ್ದರಿಂದ ಅಂಥ ಪಟ್ಟಿಯುಳ್ಳ, ಮಧ್ಯಮ ಬೆಲೆಯ ಜೋಡಿಯೊಂದನ್ನು ಆರಿಸಿದೆವು. ಹೊಸ ಟ್ಯೂಬು ಸೇರಿ ಮೂರು ಸಾವಿರದ ಚಿಲ್ಲರೆ. ಆರು ವಾರದ ಶೇರ್ ರಿಕ್ಷಾದ ಹಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು.

ಅಂಗಡಿಯವ ಮಳೆಗಾಲಕ್ಕೆಂದು ಗುಬ್ಬುಗುಬ್ಬಾದ ಟೈರು ತೋರಿಸಿದ. ನಾವು ಬೇಡವೆಂದೆವು. ಕೆಸರಿಗೆ, ಕಾಡಿಗೆ ಗುಬ್ಬು ಸರಿ. ಮೋಟಾರಿನಂತೆ ನೀರಿನ ಮೇಲೆ ತೇಲಿಹೋಗುವಷ್ಟು ವೇಗವೂ ಅಗಲವೂ ಸೈಕಲ್ಲಿಗಿಲ್ಲ. ಗಟ್ಟಿ ರಸ್ತೆಯಲ್ಲಿ ನುಣುಪು ಟೈರೇ ಹೆಚ್ಚು ರಬ್ಬರನ್ನು ನೆಲಕ್ಕೆ ತಾಗಿಸುತ್ತದೆ. ಮಳೆಯಲ್ಲಿ ಜಾರಿಸುವುದು ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಪಾಚಿಗಟ್ಟಿದ ಪೇವರ್ ಬ್ಲಾಕು. ಅಲ್ಲಿ ಯಾವ ಟೈರೂ ಜಾರುತ್ತದೆ. ಬ್ರೇಕು ಹಿಡಿಯದೆ, ಹ್ಯಾಂಡಲ್ಲು ತಿರುಗಿಸದೆ ನೆಟ್ಟಗೆ ದಾಟಬೇಕು, ಅಷ್ಟೆ.

ನಮ್ಮ ಮಹಡಿಯಲ್ಲಿ ಸುಳ್ಯದ ಕಡೆಯವರೊಬ್ಬರಿದ್ದಾರೆ. ಊರಲ್ಲಿ ಅವರ ಮನೆಯವರದು ರಬ್ಬರು ತೋಟ. ಹೊಸ ಟೈರನ್ನು ಬಗ್ಗಿಸಿ, ಪಕ್ಕವನ್ನು ಉಗುರಿನಲ್ಲಿ ಒತ್ತಿ ನೋಡಿ ಅವರು ಹೇಳಿದ್ದು ಇದು: "ರಬ್ಬರಿಗೆ ಬಿಸಿಲು ಆಗುವುದಿಲ್ಲ ಮಾರಾಯ್ರೆ, ಎಣ್ಣೆಯೂ ಆಗುವುದಿಲ್ಲ. ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿದ್ದಾದರೆ ಪಕ್ಕದಲ್ಲಿ ಸಣ್ಣ ಬಿರುಕು ಕಾಣುತ್ತದೆ. ಅಂಥದ್ದು ಪುಕ್ಕಟೆ ಸಿಕ್ಕಿದರೂ ತರಬೇಡಿ." ಅಂದಿನಿಂದ ಸೈಕಲ್ಲನ್ನು ಗೇಟಿನ ಬಿಸಿಲಿನಿಂದ ಮೆಟ್ಟಿಲಿನಡಿಗೆ ಸರಿಸಿದ್ದೇವೆ.

ಗಾಳಿಯ ವಿಷಯ. ಹಿಂದಿನ ಗಾಲಿಯ ಮೇಲೆ ಭಾರ ಹೆಚ್ಚಾದ್ದರಿಂದ ಅದಕ್ಕೆ 70 ಪೌಂಡು, ಮುಂದಿನದಕ್ಕೆ 60. ವಾರಕ್ಕೊಮ್ಮೆ ನೋಡಲೇಬೇಕು, ಏಕೆಂದರೆ ತೂತಿಲ್ಲದಿದ್ದರೂ ಟ್ಯೂಬಿನ ಗಾಳಿ ಮೆಲ್ಲಗೆ ಸೋರುತ್ತದೆ. ಈ ಸೈಕಲ್ಲಿನ ವಾಲ್ವು ಸಪೂರ, ಬೀದಿಯ ಪಂಪು ಅದಕ್ಕೆ ಕೂಡುವುದಿಲ್ಲ. ಹಿತ್ತಾಳೆಯ ಚಿಕ್ಕ ಟೊಪ್ಪಿಗೆಯೊಂದು ಸಿಗುತ್ತದೆ. ತಿರುಗಿಸಿ ಕೂಡಿಸಿದರೆ ಯಾವ ಪಂಪೂ ಆದೀತು. ಮಗನ ಕಂಪಾಸ್ ಪೆಟ್ಟಿಗೆಯಲ್ಲಿ ಅದೀಗ ಕಾಯಂ. ನಮ್ಮ ನಾಕಾದ ಪಂಕ್ಚರ್ ಭೈಯ್ಯಾ ಕಲಿಸಿದ ಪಾಠವನ್ನೂ ಹೇಳಿಬಿಡುತ್ತೇವೆ. ಪ್ಯಾಚು ಹಾಕಿ ಟ್ಯೂಬು ತುರುಕುವ ಮೊದಲು ಟೈರಿನ ಒಳಗೆ ಸುತ್ತಲೂ ಬಟ್ಟೆ ಆಡಿಸಬೇಕು. ತಂತಿಯ ಚೂರು ಅಲ್ಲೇ ಉಳಿದಿದ್ದರೆ ನೂರು ಹೆಜ್ಜೆಗೆ ಮತ್ತೆ ಪಂಕ್ಚರು.

ಇಷ್ಟಾದ ಮೇಲೆ ಮನೆಯ ತೀರ್ಪು. ಶ್ರೀಮತಿಯವರು ಒಪ್ಪಿದರು, ನಾಲ್ಕು ಕರಾರಿನ ಮೇಲೆ: ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ, ಮುಂದೆ ಗಂಟೆ, ಮತ್ತು ಕ್ಯಾಡ್ಬರಿ ಜಂಕ್ಷನ್ನಿನಲ್ಲಿ ಇಳಿದು ಸೈಕಲ್ಲು ತಳ್ಳಿಕೊಂಡೇ ದಾಟುವುದು. "ಟೈರು ಸಂದಿನ್ಯಾಗಿಂದ ಉಳಸ್ತದ, ಲಾರಿಯಿಂದ ಉಳಸಂಗಿಲ್ಲ" ಎಂದು ಅವರು ಹೇಳಿದ್ದನ್ನು ಯಾವ ಭೌತಶಾಸ್ತ್ರವೂ ಅಲ್ಲಗಳೆಯಲಾರದು. ಮಗ ನಾಲ್ಕಕ್ಕೂ ಹೂಂ ಎಂದ. ಮಳೆಗಾಲ ಮುಗಿಯುವವರೆಗೆ ಆದದ್ದು ಒಂದೇ ಪಂಕ್ಚರು, ಅದೂ ಒಂದೂವರೆ ಇಂಚಿನ ಮೊಳೆ. ರವಿವಾರಗಳಂದು ಆತ ಉಪವನ ಕೆರೆಯ ದಂಡೆಯವರೆಗೂ ಹೋಗಿಬರುತ್ತಾನೆ. ಬರುವುದು ಹತ್ತು ನಿಮಿಷ ತಡವಾದರೆ ಅವನ ತಾಯಿ ಕಿಟಕಿಗೆ ಹೋಗಿ ನಿಲ್ಲುವುದು ಇನ್ನೂ ತಪ್ಪಿಲ್ಲ.

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮ ಬಾಂಧವರ ಮನೆಗಳಲ್ಲೂ ಮೆಟ್ಟಿಲಿನಡಿ, ಬಾಲ್ಕನಿಯಲ್ಲಿ ಸೈಕಲ್ಲುಗಳಿರಬಹುದು. ಈ ರವಿವಾರ ಅರ್ಧ ತಾಸು ಬಿಡುವು ಮಾಡಿಕೊಂಡು ಆ ಎರಡು ಅಂಕಿಗಳನ್ನು ಓದಿರಿ, ಪಕ್ಕದಲ್ಲಿ ಬಿರುಕಿದೆಯೇ ನೋಡಿರಿ, ಬ್ರೇಕಿನಡಿ ಎಷ್ಟು ಜಾಗವಿದೆ ಅಳೆಯಿರಿ. ಅಳೆಯುವಾಗ ಮಕ್ಕಳನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳಿರಿ. ನಾಳೆ ಅದರ ಮೇಲೆ ಹೋಗುವವರು ಅವರೇ ಅಲ್ಲವೆ?