ಮೂವತ್ತೆಂಟು ಇಂಚಿಗೆ ಒಂದು ಸುತ್ತು

ಕೋವಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಅಂದುಕೊಂಡಿದ್ದೆ. ಹುಟ್ಟಿದ್ದು ಕೊಡಗಿನಲ್ಲಿ. ಕೈಲ್‌ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಆದರೆ ನಮ್ಮ ಮನೆಯಲ್ಲಿದ್ದದ್ದು ತೋಟಾ ಕೋವಿ. ಅದರ ನಳಿಗೆ ಒಳಗೆಲ್ಲ ನುಣುಪು. ಚರೆ ಹಾರಿಸಲು ಅಷ್ಟೇ ಸಾಕು. ರೈಫಲ್ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಅದರಿಂದ ಗುಂಡು ಗಿರ್ರನೆ ತಿರುಗುತ್ತಾ ಹೊರಡುತ್ತದೆ ಎಂಬುದು ಗೊತ್ತಿತ್ತು. ಎಷ್ಟು ಇಂಚಿಗೆ ಒಂದು ಸುತ್ತು ಎಂದು ಕೇಳಬೇಕು ಅನ್ನುವುದು ಮಾತ್ರ ಹೊಳೆಯಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿದ ಮೇಲೆ ಕಾಡುಹಂದಿ ಶಿಕಾರಿಗೆಂದು ಹಳೆಯ .44 ಮ್ಯಾಗ್ನಮ್ ಲಿವರ್ ಆಕ್ಷನ್ ರೈಫಲ್ ಒಂದನ್ನು ಕೊಂಡೆ. 20 ಇಂಚಿನ ನಳಿಗೆ, ವಾಲ್ನಟ್ ಮರದ ಹಿಡಿ. ಲಿವರ್ ಎಷ್ಟು ಸಲೀಸಾಗಿ ಆಡುತ್ತದೆ, ಹೆಗಲಿಗೆ ಹೇಗೆ ಕೂರುತ್ತದೆ ಎಂದೆಲ್ಲ ನೋಡಿದೆ. 240 ಗ್ರೇನಿನ ಸೀಸದ ಗುಂಡಿಗೆ ಅದು ಎಂದೂ ಕೈಕೊಟ್ಟಿರಲಿಲ್ಲ.

2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಶಿಕಾರಿಗೆ ಸೀಸದ ಗುಂಡು ಪೂರ್ತಿ ನಿಷಿದ್ಧವಾಯಿತು. ಗುಂಡು ತಗುಲಿದ ಪ್ರಾಣಿಯ ಅವಶೇಷ ತಿಂದು ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದವು. ನ್ಯಾಯವಾದ ಕಾನೂನು, ನನಗೆ ತಕರಾರಿರಲಿಲ್ಲ. ತಾಮ್ರದ ಗುಂಡು ತಂದೆ. ಹಂದಿಯಂಥ ಗಟ್ಟಿ ಪ್ರಾಣಿಗೆ ಭಾರದ್ದೇ ಇರಲಿ ಎಂದು ಸಿಕ್ಕವುಗಳಲ್ಲಿ ಅತ್ಯಂತ ತೂಕದ್ದನ್ನೇ ಆರಿಸಿದೆ. 25 ಗಜದಲ್ಲಿ ಗುರಿ ಸರಿಮಾಡಿಕೊಂಡೆ. ಕಾಗದದ ಮೇಲಿನ ತೂತುಗಳು ಕೊಂಚ ಮೊಟ್ಟೆಯಾಕಾರವಾಗಿದ್ದವು. ಕಾಗದ ಹರಿದಿರಬೇಕು ಎಂದುಕೊಂಡೆ.

ಹಂದಿ ಸಿಕ್ಕಿದ್ದು ಹೊತ್ತು ಮುಳುಗುವ ಸಮಯಕ್ಕೆ, ಹತ್ತಿರಹತ್ತಿರ ನೂರು ಗಜ ದೂರದಲ್ಲಿ. ಅಡ್ಡಕ್ಕೆ ನಿಂತಿತ್ತು. ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಈಡು ಹೊಡೆದೆ. ಅದು ಕಿರುಚಿ, ಹಿಂಗಾಲು ಎಳೆದುಕೊಂಡು ಪೊದೆಯೊಳಗೆ ನುಗ್ಗಿತು. ಗುಂಡು ಬಿದ್ದದ್ದು ಗುರಿಯಿಂದ ಎಷ್ಟೋ ಹಿಂದಕ್ಕೆ. ಟಾರ್ಚ್ ಹಿಡಿದು ನೆತ್ತರಿನ ಜಾಡು ಹುಡುಕಿದೆವು, ಬೆಳಗಾದ ಮೇಲೂ ಹುಡುಕಿದೆವು. ಕಲ್ಲುನೆಲ ಬಂದಲ್ಲಿ ಜಾಡು ತಪ್ಪಿತು. ಜೊತೆಗಿದ್ದವರು ಕೈ ನಡುಗಿರಬೇಕು, ಎಲ್ಲರಿಗೂ ಆಗುತ್ತದೆ ಎಂದರು. ನಾನು ಹೌದೆಂದೆ. ನಡುಗಿರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಬೇರೆ ಕಾರಣ ಹೇಳಲು ತಿಳಿಯದೆ ತಲೆತಗ್ಗಿಸಿ ಕೂತೆ. ಮನೆಗೆ ಬಂದರೂ ಅದರ ಕಿರುಚು ಕಿವಿ ಬಿಡಲಿಲ್ಲ.

ಶೂಟಿಂಗ್ ರೇಂಜಿನಲ್ಲಿ ನೂರು ಗಜಕ್ಕೆ ಕಾಗದ ಕಟ್ಟಿ ಹೊಡೆದಾಗ ಸಂಗತಿ ಬಯಲಾಯಿತು. ಒಂದು ತೂತಂತೂ ಗುಂಡಿನ ಪೂರ್ತಿ ಉದ್ದಕ್ಕೆ ಸೀಳಿಕೊಂಡಿತ್ತು. ಗುಂಡು ಅಡ್ಡ ಮಲಗಿ ಹಾದುಹೋಗಿತ್ತು. ಪಕ್ಕದ ಮೇಜಿನ ಮುದುಕರೊಬ್ಬರು, ಮೊದಲು ಲೇತ್ ಕೆಲಸದಲ್ಲಿದ್ದವರು, ನೋಡಿದವರೇ ಕೋವಿ ಖಾಲಿ ಮಾಡಿಸಿದರು. ಶುಚಿಗೊಳಿಸುವ ಸರಳಿನ ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಸರಳಿನ ಮೇಲ್ಮೈಗೆ ಪೆನ್ನಿನಲ್ಲಿ ಗುರುತು ಹಾಕಿ ನಳಿಗೆಯೊಳಗೆ ನಿಧಾನ ತಳ್ಳಿದರು. 19 ಇಂಚು ಒಳಹೋಗುವಷ್ಟರಲ್ಲಿ ಮೇಲಿದ್ದ ಗುರುತು ಕೆಳಗೆ ಬಂತು. ಅರ್ಧ ಸುತ್ತು. ಅಂದರೆ 38 ಇಂಚಿಗೆ ಒಂದು. ಆಮೇಲೆ ನನ್ನ ಎರಡು ಬಗೆಯ ಗುಂಡುಗಳನ್ನು ಅಕ್ಕಪಕ್ಕ ನಿಲ್ಲಿಸಿದರು. ತಾಮ್ರದ್ದು ತಲೆ ಎತ್ತಿ ನಿಂತಿತ್ತು. ನನ್ನ ಮುಖ ಕಾದುಹೋಯಿತು.

ಸೀಸದ ಸಾಂದ್ರತೆ ನೀರಿನ 11.3 ಪಟ್ಟು, ತಾಮ್ರದ್ದು ಸುಮಾರು 9. ಅಗಲ ಬದಲಾಗುವಂತಿಲ್ಲವಾದ್ದರಿಂದ ಅದೇ ತೂಕದ ತಾಮ್ರದ ಗುಂಡು ಉದ್ದವಾಗಲೇಬೇಕು. ಉದ್ದದ ಗುಂಡು ನೆಟ್ಟಗೆ ಹೋಗಬೇಕಾದರೆ ಹೆಚ್ಚು ಬಿರುಸಾಗಿ ತಿರುಗಬೇಕು. ಬ್ರಿಟನ್ನಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಬೇಕಾದ ತಿರುವು ಬರುತ್ತದೆ. ನನ್ನ ನಳಿಗೆಗೆ ಲೆಕ್ಕ ಹಾಕಿದರೆ ಸೀಸದ ಗುಂಡೇ ಮುಕ್ಕಾಲು ಇಂಚು ದಾಟುವಂತಿಲ್ಲ; ಹಗುರ ಲೋಹಕ್ಕೆ ಮಿತಿ ಇನ್ನೂ ಕಡಿಮೆ. ಸೂತ್ರ ಒರಟು ನಿಜ, ಆದರೆ ಕಾಗದ, ಪೆನ್ಸಿಲ್ ಹಿಡಿದು ಕೂತಿದ್ದರೆ ಶಿಕಾರಿಗೆ ಹೊರಡುವ ಮೊದಲೇ ಎಚ್ಚರಿಸುತ್ತಿತ್ತು.

ತೂಕ, ಪೆಟ್ಟಿನ ಬಲ ಎಂದೆಲ್ಲ ಲೆಕ್ಕ ಹಾಕಿದ ನಾನು ಗುಂಡಿಗೆ ಏನು ಬೇಕು ಎಂದು ಕೇಳಲೇ ಇಲ್ಲ. ಕಾಗದದ ಮೇಲೆ ಗುರುತು ಕಂಡರೂ ಕೇಳಲಿಲ್ಲ. ಕೊಡಗಿನವನಿಗೆ ಕೋವಿ ಗೊತ್ತು ಎಂಬ ಹೆಮ್ಮೆ ಅಡ್ಡ ಬಂತು. ಅದರ ನೋವು ತಿಂದದ್ದು ಆ ಹಂದಿ.

ನಳಿಗೆ ಬದಲಿಸಲಿಲ್ಲ, ಹಗುರವಾದ ಗಿಡ್ಡ ತಾಮ್ರದ ಗುಂಡಿಗೆ ಬಂದೆ. ನೂರು ಗಜದಲ್ಲಿ ತೂತು ದುಂಡಗಿದ್ದರೆ ಮಾತ್ರ ಕಾಡಿಗೆ. ಇಂಥದೇ ರೈಫಲ್ ಕೊಳ್ಳುತ್ತೇನೆ ಎನ್ನುವವರನ್ನು ಯಾವ ಗುಂಡು ಹಾಕುತ್ತೀರಿ ಎಂದು ಮೊದಲು ಕೇಳುತ್ತೇನೆ. ಸೀಸ ಬಳಸಬಹುದಾದ ರಾಜ್ಯದಲ್ಲಿ 240 ಗ್ರೇನಿಗೇ ನಿಲ್ಲುವವರಿಗೆ 38 ಇಂಚಿನ ತಿರುವು ಧಾರಾಳ ಸಾಕು. ಭಾರದ ತಾಮ್ರದ ಆಸೆಯಿದ್ದರೆ 20 ಇಂಚಿನ ತಿರುವಿನದ್ದನ್ನೇ ಹುಡುಕಿ, ಅಂಗಡಿಯವರ ಬಾಯಿಮಾತು ನಂಬದೆ ಸರಳು ಹಾಕಿ ಅಳೆಸಿ ಎನ್ನುತ್ತೇನೆ.