ಊರಿನ ಮೇಲೆ ರ‍್ಯಾಪ್ ಕಟ್ಟುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ಜೊತೆಗಿದ್ದ ಎರಡು ಹಾಡುಗಳನ್ನೂ ಓದಿದೆ, ಒಂದೆರಡು ಕಡೆ ಮೇಜು ಕುಟ್ಟಿಕೊಂಡು ಗಟ್ಟಿಯಾಗಿಯೇ ಓದಿದೆ. ದಾವಣಗೆರೆಯ ಮೇಲೆ, ಅಲ್ಲಿ ನೀನು ಬೆಳೆದ ಬಗೆಯ ಮೇಲೆ ಒಂದು ಇಡೀ ರ‍್ಯಾಪ್ ಆಲ್ಬಮ್ ಮಾಡ್ತೀನಿ ಅಂತ ಬರೆದಿದ್ದೀಯ. ಖಂಡಿತ ಮಾಡು. ಆದರೆ ಮೊದಲ ಹಾಡಿನಲ್ಲೇ ಬೆಣ್ಣೆದೋಸೆ ನಾಲ್ಕು ಸಲ ಬಂದಿದೆಯಲ್ಲಪ್ಪಾ! ಹೋಟೆಲಿನವರೂ ಬೋರ್ಡಿನ ಮೇಲೆ ಒಂದೇ ಸಲ ಬರೆಸೋದು.

ಊರಿನ ಅಭಿಮಾನ ಬೇಡ ಅಂತಲ್ಲ. ಬಸ್ಸಿನಲ್ಲಿ ದಾವಣಗೆರೆ ದಾಟಿ ಹೋಗುವವನಿಗೂ ಗೊತ್ತಿರೋದನ್ನೇ ಹಾಡಿದರೆ ಅದಕ್ಕೆ ನೀನೇ ಯಾಕೆ ಬೇಕು ಅನ್ನೋದು ನನ್ನ ತಕರಾರು. ಎರಡನೇ ಹಾಡಿನಲ್ಲಿ ಮಂಡಕ್ಕಿ ಭಟ್ಟಿ ಬಂತು ನೋಡು, ಆಗ ನೆಟ್ಟಗೆ ಎದ್ದು ಕೂತೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಏಳುವ ಚಟಪಟ ಸದ್ದು, ಅಮ್ಮನ ಕೈಯಲ್ಲಿನ ಜರಡಿ, ಮರಳು ಕೆಳಗೆ ಸೋರಿ ಮಂಡಕ್ಕಿ ಮೇಲೆ ಉಳಿಯೋದು, ಹೊಗೆ ವಾಸನೆಯ ಯೂನಿಫಾರ್ಮ್ ತೊಟ್ಟು ಶಾಲೆಯಲ್ಲಿ ನೀನು ಹಿಂದಿನ ಬೆಂಚು ಹುಡುಕಿಕೊಂಡದ್ದು. ಆ ಬೆಂಚು ಯಾವ ಪ್ರವಾಸಿ ಕೈಪಿಡಿಯಲ್ಲೂ ಸಿಗಲ್ಲ.

ಇಂಥ ಕೆಲಸ ಅಂದರೆ ನನಗೆ ಮೊದಲು ನೆನಪಾಗೋದು ಅಮೆರಿಕದ ರ‍್ಯಾಪರ್ ನ್ಯಾಸ್‌ನ ‘ಇಲ್‌ಮ್ಯಾಟಿಕ್’ ಆಲ್ಬಮ್. 1994ರ ಏಪ್ರಿಲ್‌ನಲ್ಲಿ ಅದು ಹೊರಬಂದಾಗ ಅವನಿಗೆ 20 ವರ್ಷ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಹುಡುಗ. ಅವನದು ನ್ಯೂಯಾರ್ಕ್, ಆದರೆ ನ್ಯೂಯಾರ್ಕನ್ನು ಹೊಗಳುವ ಗೋಜಿಗೇ ಅವನು ಹೋಗಲಿಲ್ಲ. ಕ್ವೀನ್ಸ್‌ಬ್ರಿಜ್ ಅನ್ನೋ ಸರ್ಕಾರಿ ವಸತಿ ಸಮುಚ್ಚಯ ಒಂದನ್ನೇ ಹಿಡಿದ. 1939ರಲ್ಲಿ ತೆರೆದದ್ದು. ಆರಂತಸ್ತಿನ ಇಟ್ಟಿಗೆ ಕಟ್ಟಡಗಳು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು. ಖರ್ಚು ಉಳಿಸೋಕೆ ಲಿಫ್ಟನ್ನು ಒಂದು ಬಿಟ್ಟು ಒಂದು ಮಹಡಿಯಲ್ಲಿ ಮಾತ್ರ ನಿಲ್ಲಿಸುತ್ತಿದ್ದರು. ಬಡವರ ಮೊಣಕಾಲಿನ ಲೆಕ್ಕದಲ್ಲಿ ಮಾಡಿದ ಉಳಿತಾಯ! ಆಲ್ಬಮ್ಮಿನ ಮುಖಪುಟದಲ್ಲಿ ಅವನ ಬಾಲ್ಯದ ಮುಖವಿದೆ, ಅದರೊಳಗಿಂದ ಅದೇ ಬೀದಿ ಕಾಣುತ್ತೆ. ಅಪ್ಪ ಓಲು ದಾರಾ ಜಾಝ್ ಕಲಾವಿದರು. ಒಂದು ಹಾಡಿನ ಕೊನೆಗೆ ಅವರ ಕಾರ್ನೆಟ್ ಕೇಳುತ್ತೆ. ಅಪ್ಪನ ಬಗ್ಗೆ ಹಾಡೋ ಬದಲು ಅಪ್ಪನ ಕೈಲೇ ಊದಿಸಿದ್ದು ನನಗೆ ಬಹಳ ಹಿಡಿಸಿತು.

ನೀನು ಪದೇ ಪದೇ ಕೇಳಬೇಕಾದ್ದು ಅದರಲ್ಲಿನ ‘ಒನ್ ಲವ್’. ಅದು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದದ ರೂಪದಲ್ಲಿದೆ. ಕೇರಿಯ ಸುದ್ದಿಯನ್ನೆಲ್ಲ ವರದಿ ಒಪ್ಪಿಸಿದ ಹಾಗೆ ಹೇಳ್ತಾ ಹೋಗ್ತಾನೆ: ನಿನಗೆ ಮಗ ಹುಟ್ಟಿದ್ದಾನೆ, ನಿನ್ನ ಹಾಗೇ ಇದ್ದಾನಂತೆ, ಇಂಥವಳಿಗೆ ಗುಂಡೇಟು ಬಿತ್ತು. ಕೊನೆಗೆ ಅವನೇ ಹನ್ನೆರಡು ವರ್ಷದ ಹುಡುಗನೊಬ್ಬನ ಪಕ್ಕ ಬೆಂಚಿನ ಮೇಲೆ ಕೂತಿರ್ತಾನೆ. ಆ ವಯಸ್ಸಿಗೇ ಗುಂಡುನಿರೋಧಕ ಅಂಗಿ ತೊಟ್ಟ ಮಗು ಅದು. ಅಯ್ಯೋ ನಮ್ಮ ಕೇರಿಯೇ ಅನ್ನುವ ಗೋಳಿಲ್ಲ, ಎದೆ ಬಡಿದುಕೊಳ್ಳುವ ಹೆಮ್ಮೆಯೂ ಇಲ್ಲ. ಗೆಳೆಯನಿಗೆ ಊರಿನ ಸುದ್ದಿ ಮುಟ್ಟಿಸಬೇಕು, ಅಷ್ಟೇ.

ನಿನ್ನ ತಾತ ಹತ್ತಿಗಿರಣಿಯಲ್ಲಿ ದುಡಿದವರು ಅಂತ ಎರಡು ಸಾಲು ಬರೆದು ಮುಂದೆ ಓಡಿಬಿಟ್ಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನೋ ಬಿರುದನ್ನು ಭಾಷಣದವರಿಗೆ ಬಿಡು. ಗಿರಣಿ ಮುಚ್ಚಿದ ಮೇಲೆ ಊರು ಬಿಟ್ಟು ಹೋದ ತಾತನ ಗೆಳೆಯರ ಬಗ್ಗೆ ಬರೆದಿದ್ದೀಯಲ್ಲ, ಅವರಲ್ಲಿ ಒಬ್ಬರಿಗೆ ಹಾಡಿನಲ್ಲೇ ಕಾಗದ ಬರಿ. ಪಾಳಿ ಮುಗಿಸಿ ಟೀ ಕುಡಿಯುತ್ತಿದ್ದ ಅಂಗಡಿ ಈಗ ಏನಾಗಿದೆ, ಯಾರ ಮಗಳ ಮದುವೆಯಾಯಿತು, ಯಾರು ತೀರಿಹೋದರು, ಎಲ್ಲ ತಿಳಿಸು.

ಇನ್ನು ಪ್ರಾಸದ ವಿಷಯ. ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಅಗ್ಗ. ಕ್ರಿಯಾಪದ ಕೊನೆಗೆ ಬರುತ್ತೆ, ಪ್ರತ್ಯಯವೂ ಕೊನೆಗೇ ಅಂಟುತ್ತೆ. ಹಾಗಾಗಿ ಬಂದಿತ್ತು–ನಿಂತಿತ್ತು, ಬೀದೀಲಿ–ಸಂತೇಲಿ ಅಂತ ನಿದ್ದೆಗಣ್ಣಲ್ಲೂ ಜೋಡಿಸಬಹುದು. ನಿನ್ನ ಹಾಡಿನಲ್ಲಿ ಹೆಚ್ಚಿನವು ಇಂಥವೇ, ಕಿವಿಗೆ ಬೇಗ ಸಾಕೆನಿಸುತ್ತೆ. ನ್ಯಾಸ್ ಪ್ರಾಸವನ್ನು ಸಾಲಿನ ಒಳಗೂ ಹೆಣೀತಾನೆ. ನಮ್ಮ ಹಳಗನ್ನಡದ ಕವಿಗಳಂತೂ ಅದನ್ನು ಸಾಲಿನ ಮೊದಲಲ್ಲೇ, ಎರಡನೇ ಅಕ್ಷರದಲ್ಲೇ ಇಡುತ್ತಿದ್ದರು. ಭಟ್ಟಿ, ಕಟ್ಟಿ, ಮುಟ್ಟಿ, ರೊಟ್ಟಿ: ಇವನ್ನು ಸಾಲಿನ ತಲೆಗೆ ಹಾಕಿ ಒಮ್ಮೆ ಹೇಳಿ ನೋಡು. ಒತ್ತಕ್ಷರವೇ ಡ್ರಮ್ಮಿನ ಪೆಟ್ಟಾಗುತ್ತೆ. ಪಂಪ ರನ್ನರನ್ನು ಪರೀಕ್ಷೆಗೆ ಓದಿ ಮರೆತವರು ನಾವೆಲ್ಲ. ಬೀಟ್ ಮೇಲೆ ಅವರನ್ನು ಮತ್ತೆ ಓದು, ಬೇರೆ ಥರ ಕೇಳಿಸ್ತಾರೆ. ಮತ್ತೆ, ಗೆಳೆಯರ ಜೊತೆ ‘ಲೇ’ ಅನ್ನೋನು ಹಾಡಿನಲ್ಲಿ ಮಾತ್ರ ಬೆಂಗಳೂರಿನ ‘ಮಚ್ಚಾ’ ಯಾಕೆ ಅಂತೀಯ? ಅದನ್ನು ತೆಗೆದುಹಾಕು.

ಹಳೇ ಸಿನಿಮಾ ಹಾಡಿನ ತುಣುಕನ್ನು ಬೀಟಿಗೆ ಬಳಸೋ ಯೋಚನೆ ಇದೆ ಅಂದೆ. ಹುಷಾರು. 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ವಿರುದ್ಧ ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟ ಮೇಲೆ, ಅನುಮತಿ ಇಲ್ಲದೆ ಸ್ಯಾಂಪಲ್ ಹಾಕೋಕೆ ಅಲ್ಲಿನ ಕಂಪನಿಗಳೇ ಹೆದರುವಂತಾಯಿತು. ನಮ್ಮಲ್ಲೂ ಧ್ವನಿಮುದ್ರಿಕೆಗೆ 60 ವರ್ಷ ಹಕ್ಕು ಇರುತ್ತೆ. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆಯೇ. ಅದರ ಬದಲು ಮೊಬೈಲ್ ಹಿಡಿದು ಭಟ್ಟಿಗೆ ಹೋಗು. ‘ಇಲ್‌ಮ್ಯಾಟಿಕ್’ ಶುರುವಾಗೋದೇ ರೈಲಿನ ಸದ್ದಿನಿಂದ. ನಿನ್ನದು ಜರಡಿಯ ಸದ್ದಿನಿಂದ ಆಗಲಿ. ಅದಕ್ಕೆ ಯಾರೂ ರಾಯಲ್ಟಿ ಕೇಳಲ್ಲ. ಸ್ಟುಡಿಯೋಗೆ ದುಡ್ಡಿಲ್ಲ ಅಂತ ಕೊರಗಬೇಡ. ಮುಂಬೈ ಕುರ್ಲಾದ ರ‍್ಯಾಪರ್ ನೇಝಿ 2014ರಲ್ಲಿ ‘ಆಫತ್’ ಹಾಡು ಮಾಡಿದ್ದು ಒಂದು ಐಪ್ಯಾಡಿನಲ್ಲಿ, ರೆಕಾರ್ಡಿಂಗೂ ಅದರಲ್ಲೇ, ವಿಡಿಯೋನೂ ಅದರಲ್ಲೇ.

ಒಂದು ಮಾತು ಮಾತ್ರ ನಡೆಸಿಕೊಡು. ಅಮ್ಮನ ಹಾಡನ್ನು ಯೂಟ್ಯೂಬಿಗೆ ಹಾಕೋ ಮುಂಚೆ ಅಮ್ಮನಿಗೆ ಕೇಳಿಸು. ಹೊಗೆಯ ಸಾಲು ಅವರಿಗೆ ನೋವಾದರೆ ಯಾಕೆ ಅಂತ ಕೇಳು. ಅವರು ಹೇಳೋ ಉತ್ತರದಲ್ಲಿ ಇನ್ನೊಂದು ಹಾಡು ಸಿಕ್ಕರೂ ಸಿಗಬಹುದು.

ತಾತನ ಗೆಳೆಯರಿಗೆ ಬರೆಯೋ ಹಾಡು ತಯಾರಾದಾಗ ಕಳಿಸು. ಬೀಟ್ ಇಲ್ಲದಿದ್ದರೂ ಪರವಾಗಿಲ್ಲ, ವಾಟ್ಸಾಪಿನಲ್ಲಿ ಬರೀ ಧ್ವನಿ ಬಂದರೂ ಸಾಕು. ಮೊದಲನೇ ಹಾಡಿನಲ್ಲಿ ಒಂದು ದೋಸೆ ಉಳಿಸಿಕೋ, ಮೂರು ತೆಗಿ.

ನಿನ್ನ,
ಅಣ್ಣ