ಬೀರು ಮುಂದೆ ಆಂಪ್ (ಮನೇಲಿ ರೆಕಾರ್ಡಿಂಗ್, ಕಂತು 4)

ಹೋದ ಕಂತಿನ ಗಿಟಾರ್ ಯಾವ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು ಅಂತ ತುಂಬಾ ಜನ ಕೇಳಿದ್ರಿ. ಸ್ಟುಡಿಯೋ ಎಲ್ಲಿಂದ ಬರ್ಬೇಕು ಗುರು, ಅದು ನಮ್ಮನೆ ಬೀರು ಮುಂದೆ.

ನಮ್ಮದು ಮೈಸೂರಲ್ಲಿ ಎರಡು ರೂಮಿನ ಬಾಡಿಗೆ ಮನೆ. ಅಪ್ಪಂಗೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಬೆಳಗ್ಗೆ ಬಂದು ತಿಂಡಿ ತಿಂದು ಮಲಗಿದ್ರೆ ಏಳೋದು ಮಧ್ಯಾಹ್ನ ಮೂರಕ್ಕೆ. ಅಂದ್ರೆ ನಂಗೆ ಪುರುಸೊತ್ತಿರೋ ಭಾನುವಾರ ಪೂರ್ತಿ ಅವರಿಗೆ ರಾತ್ರಿ.

ಗಿಟಾರನ್ನ ನೇರ ಇಂಟರ್‌ಫೇಸಿಗೆ ಚುಚ್ಚಿ ಆಂಪ್ ಸಿಮ್ಯುಲೇಟರ್ ಹಾಕ್ಬಹುದಿತ್ತು. ಚೆನ್ನಾಗೇ ಬರುತ್ತೆ, ಎಷ್ಟೋ ಸಲ ನಾನೂ ಅದನ್ನೇ ಮಾಡ್ತೀನಿ. ಆದ್ರೆ ಈ 10 ವ್ಯಾಟ್ ಆಂಪ್ ಅಪ್ಪ ಓಟಿ ಮಾಡಿದ ದುಡ್ಡಲ್ಲಿ ಕೊಡಿಸಿದ್ದು. ಒಂದು ಹಾಡಲ್ಲಾದ್ರೂ ಅದರದೇ ದನಿ ಇರಲಿ ಅನ್ನಿಸ್ತು.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ನೋಡಿದೆ. ಸೊಳ್ಳೆ ಹಾಡಿದ ಹಾಗಿತ್ತು. ಸೌಂಡ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳ್ಸಲ್ಲ. ಮೈಕ್ ಗೇನ್ ಏರಿಸಿದ್ರೆ ಗಿಟಾರ್ ಜೊತೆ ಫ್ಯಾನೂ ಏರುತ್ತೆ. 10 ವ್ಯಾಟ್ ಅಂದ್ರೆ ಆಟದ ಸಾಮಾನು ಅಂದ್ಕೋಬೇಡಿ. 100 ವ್ಯಾಟಿಂದು ಕಿವಿಗೆ ಹತ್ತುಪಟ್ಟಲ್ಲ, ಹೆಚ್ಚುಕಮ್ಮಿ ಎರಡುಪಟ್ಟು ಜೋರು ಅಷ್ಟೇ. 1964ರಲ್ಲಿ ಕಿಂಕ್ಸ್ ಬ್ಯಾಂಡಿನ ಡೇವ್ ಡೇವೀಸ್ ಇಂಥದೇ ಒಂದು ಪುಟಾಣಿ ಆಂಪ್‌ನ ಸ್ಪೀಕರನ್ನ ಬ್ಲೇಡಲ್ಲಿ ಕುಯ್ದು 'ಯೂ ರಿಯಲಿ ಗಾಟ್ ಮಿ'ಗೆ ಆ ಕರಕರ ಸೌಂಡ್ ತಂದಿದ್ದು. (ನೀವು ಕುಯ್ಯೋಕೆ ಹೋಗ್ಬೇಡಿ, ನಾನಂತೂ ಕುಯ್ಯಲ್ಲ.)

ಕೊನೆಗೆ ಆಂಪನ್ನ ಸ್ಟೂಲ್ ಮೇಲಿಟ್ಟು, ಅಮ್ಮನ ಸೀರೆ ತುಂಬಿದ ಬೀರು ಬಾಗಿಲು ತೆಗೆದು ಅದರ ಕಡೆ ಮುಖ ಮಾಡಿಸಿ, ಎರಡು ಕಡೆ ರಜಾಯಿ ಇಳಿಬಿಟ್ಟೆ. ಹಿಂದೆ ಗಾಳಿಗೆ ಜಾಗ ಬಿಟ್ಟಿದ್ದೆ. ವಾಲ್ವ್ ಆಂಪ್ ಇರೋರು ರಜಾಯಿ ದೂರಾನೇ ಇಡಿ, ಅದು ಸಿಕ್ಕಾಪಟ್ಟೆ ಕಾಯುತ್ತೆ.

ಚಿಂಚಿಂ ಅನ್ನೋದನ್ನ ಬಟ್ಟೆ ಕುಡೀತು. ಗುಮ್ ಅನ್ನೋದು ಗೋಡೆ ದಾಟಿ ಹೋಯ್ತು. ಹನ್ನೆರಡಕ್ಕೇ ಅಪ್ಪ ಲುಂಗಿ ಕಟ್ಕೊಂಡು ಎದ್ದು ಬಂದ್ರು.

"ಆಗ್ಲಿಂದ ಅದನ್ನೇ ಉಜ್ತಿದ್ದೀಯಲ್ಲೋ?"

ಮೈಕ್ ಅರ್ಧ ಇಂಚು ಸರಿದ್ರೂ ಸೌಂಡ್ ಬದಲಾಗುತ್ತೆ, ನುಡಿಸ್ತಾ ನಾನೇ ಸರಿಸೋಕಾಗಲ್ಲ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ನೆಲದ ಮೇಲೆ ಕೂತು ಮೈಕ್ ಹಿಡ್ಕೊಂಡ್ರು. ದೂರದರ್ಶನದ ಕಾಲದಲ್ಲಿ ತಾರಸಿ ಹತ್ತಿ ಆಂಟೆನಾ ತಿರುಗಿಸಿದ ಕೈ ಅದು.

"ಬಂತಾ? ಈಗ? ಇಲ್ಲಿ?"

ಗ್ರಿಲ್ ಬಟ್ಟೆಗೆ ಮೊಬೈಲ್ ಟಾರ್ಚ್ ಬಿಟ್ರೆ ಒಳಗಿನ ಕೋನ್ ಕಾಣುತ್ತೆ. ಮೈಕನ್ನ ಅದರ ನಟ್ಟನಡುವಿಗೆ ಇಟ್ರೆ ದನಿ ಚೂಪು, ಅಂಚಿಗೆ ಹೋದಷ್ಟೂ ಮಬ್ಬು. ಬಟ್ಟೆಗೆ ತೀರಾ ಹತ್ರ ತಂದ್ರೆ ಬೇಸ್ ಉಬ್ಬುತ್ತೆ. ಒಂದು ಸಲ ಹೆಡ್‌ಫೋನ್ ಅವರೇ ಹಾಕ್ಕೊಂಡ್ರು. ನಟ್ಟನಡುವಿನ ಟೇಕ್ ಕೇಳಿ ಮುಖ ಕಿವುಚಿ, "ಗ್ರೈಂಡಿಂಗ್ ಮಷೀನ್ ಥರ ಇದೆ, ಸ್ವಲ್ಪ ಆಚೆ ಹಾಕೋ" ಅಂದ್ರು. ನಡುವಿಂದ ಎರಡು ಬೆರಳು ಆಚೆ, ಬಟ್ಟೆಯಿಂದ ಒಂದು ಇಂಚು ದೂರ. ಅಲ್ಲಿ ಕೂತ್ಕೊಳ್ತು. ಗುರುತಿಗೆ ಕೆಂಪು ಇನ್ಸುಲೇಷನ್ ಟೇಪ್ ಅಂಟಿಸಿದ್ದೂ ಅವರೇ.

ಗೇನನ್ನ ಮೈನಸ್ 12ರ ಹತ್ರ ನಿಲ್ಲೋ ಹಾಗೆ ಇಟ್ಟೆ. ಅಪ್ಪ ಎದ್ದು ಫ್ಯಾನ್ ಆಫ್ ಮಾಡಿ ಬಂದು, ಟೇಕ್ ಮುಗಿಯೋವರೆಗೂ ಅಲ್ಲಾಡದೆ ಕೂತಿದ್ರು. ರಾತ್ರಿ ಮತ್ತೆ ಶಿಫ್ಟ್ ಇತ್ತು.

ಮೂರನೇ ಟೇಕ್ ಇಟ್ಕೊಂಡೆ. ಸೋಲೋ ಮುಗಿಯೋ ಹೊತ್ತಿಗೆ ಒಂದು ಕುಕ್ಕರ್ ವಿಷಲ್ ಇದೆ, ಹೆಡ್‌ಫೋನ್ ಹಾಕ್ಕೊಂಡ್ರೆ ಕೇಳುತ್ತೆ. ಅಮ್ಮಂಗೆ ರೆಕಾರ್ಡಿಂಗ್ ನಡೀತಿರೋದನ್ನ ಇಬ್ಬರೂ ಹೇಳಿರ್ಲಿಲ್ಲ.